ಮಾತು ತಲುಪದಿದ್ದರೆ?

ಸಾಗರದಿಂದ ಸಿಗಂದೂರಿಗೆ ಹೊರಟವರು ಹೊಳೆಬಾಗಿಲಿನಲ್ಲಿ ನಿಂತು ಲಾಂಚಿಗಾಗಿ ಕಾಯುತ್ತಿದ್ದ ಕಾಲವೊಂದಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಹರಡಿಕೊಂಡ ಮೇಲೆ ಆಚೆ ದಡದ ಹಳ್ಳಿಗಳಿಗೆ ಈಚೆ ದಡ ದೂರವಾಯಿತು. ಲಾಂಚು ಆಚೆ ಇದ್ದರೆ ಈಚೆಯವರು ಎಷ್ಟು ಕೂಗಿದರೂ ಅಲ್ಲಿಗೆ ಕೇಳುತ್ತಿರಲಿಲ್ಲ. 2025ರ ಜುಲೈ 14ರಂದು ಅಂಬಾರಗೊಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು, ಆ ಕಾಯುವಿಕೆಯೂ ಮುಗಿಯಿತು. ಆದರೆ ಮಾತು ತಲುಪದ ಕಷ್ಟ ಆ ಕಡೆಯವರಿಗೆ ಹೊಸದಲ್ಲ. ಗುಡ್ಡದ ಈ ಮಗ್ಗುಲಲ್ಲಿ ಸಿಕ್ಕಿದ ಮೊಬೈಲ್ ಸಿಗ್ನಲ್ಲು ಆ ಮಗ್ಗುಲಲ್ಲಿ ಸಿಗುವುದಿಲ್ಲವೆಂಬುದು ಸಣ್ಣ ಮಕ್ಕಳಿಗೂ ಗೊತ್ತು.

ಹೊಳೆಬಾಗಿಲಿನ ಹತ್ತಿರದ ಅಡಿಕೆ ತೋಟದ ಮನೆಯೊಂದರ ಹುಡುಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಗೆ ಬರುವಾಗ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ತಂದ. ಒಳಗಿದ್ದದ್ದು ಒಂದು ಜೆಟ್ ವಿಮಾನದ ಮಾದರಿ. ಥರ್ಮೋಕೋಲಿನಂಥ ಹಗುರ ಫೋಮಿನ ಮೈ, ಹೊಟ್ಟೆಯೊಳಗೆ ಕೊಳವೆ, ಕೊಳವೆಯಲ್ಲಿ ಬ್ಯಾಟರಿಯಿಂದ ರಭಸವಾಗಿ ತಿರುಗುವ ಪುಟ್ಟ ಫ್ಯಾನು. ಬೇಸಿಗೆ ಹತ್ತಿರವಾದಂತೆ ಹಿನ್ನೀರು ಇಳಿದು ಬಯಲು ತೆರೆದುಕೊಳ್ಳುತ್ತದಲ್ಲ, ಅಲ್ಲಿ ಹಾರಿಸಬೇಕೆಂಬುದು ಅವನ ಆಸೆ. 2021ರ ಡ್ರೋನ್ ನಿಯಮಗಳನ್ನು ಓದಿಕೊಂಡು, ಜಾಗ ಹಸಿರು ವಲಯದಲ್ಲಿದೆಯೇ ಎಂದು ನಕ್ಷೆಯಲ್ಲಿ ನೋಡಿಕೊಂಡೇ ಬಂದಿದ್ದ. ಏಳನೇ ತರಗತಿಯ ತಂಗಿಗೆ ವಿಮಾನ ಹಿಡಿದುಕೊಳ್ಳುವ ಕೆಲಸ ಮೊದಲೇ ಗೊತ್ತಾಗಿತ್ತು.

ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ತಂದೆ ಎಲ್ಲವನ್ನೂ ನೋಡಿ ಒಂದೇ ಪ್ರಶ್ನೆ ಕೇಳಿದರು: "ಸಿಗ್ನಲ್ ಹೋದ್ರೆ ಇದು ಏನು ಮಾಡ್ತದೆ?"

"ಹಾಗೆಲ್ಲ ಹೋಗೂದಿಲ್ಲ ಅಪ್ಪಯ್ಯ. ಒಂದು ಕಿಲೋಮೀಟರ್ ರೇಂಜ್ ಇದೆ."

"ಹೋಗೂದಿಲ್ಲ ಅಂತ ಯಾರು ಹೇಳಿದ್ದು? ಹೋದ್ರೆ ಏನು ಅಂತ ನಾ ಕೇಳಿದ್ದು."

ಮಗನಲ್ಲಿ ಉತ್ತರವಿರಲಿಲ್ಲ. ಹಾಗೆ ನೋಡಿದರೆ ಈ ಪ್ರಶ್ನೆಗೆ ಬಹಳ ಜನರಲ್ಲಿ ಉತ್ತರವಿರುವುದಿಲ್ಲ.

ಹುಡುಗನ ಕೈಯಲ್ಲಿರುವ ಪೆಟ್ಟಿಗೆ ಟ್ರಾನ್ಸ್‌ಮಿಟರ್. ಅದರ ಕಡ್ಡಿಗಳು ಎಲ್ಲಿವೆ ಎಂಬ ಸುದ್ದಿಯನ್ನು ಅದು ಸೆಕೆಂಡಿಗೆ ಹತ್ತಾರು ಬಾರಿ ರೇಡಿಯೊ ತರಂಗಗಳಲ್ಲಿ ಕಳಿಸುತ್ತಲೇ ಇರುತ್ತದೆ. ವಿಮಾನದೊಳಗಿನ ರಿಸೀವರ್ ಆ ಸುದ್ದಿಯನ್ನು ಹಿಡಿದು ರೆಕ್ಕೆ, ಬಾಲ, ಮೋಟಾರುಗಳಿಗೆ ಹಂಚುತ್ತದೆ. ಈಗ ಹೆಚ್ಚಾಗಿ ಬಳಸುವುದು 2.4 ಗಿಗಾಹರ್ಟ್ಸ್ ತರಂಗ. ಅದರ ತರಂಗಾಂತರ ಸುಮಾರು 12.5 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಕಡಿಮೆ. ಇಷ್ಟು ಗಿಡ್ಡ ತರಂಗಕ್ಕೆ ಒದ್ದೆ ಎಲೆಯ ಮರಗಳೂ ಅಡ್ಡಿ, ಮನುಷ್ಯನ ಮೈಯೂ ಅಡ್ಡಿ. ವಿಮಾನ ಮಗುಚಿ ತಿರುಗಿದಾಗ ಅದರ ಆಂಟೆನಾ ಮರೆಯಾದರೂ ಸುದ್ದಿ ತಪ್ಪೀತು. ಅದಕ್ಕೇ ಎರಡು ಆಂಟೆನಾಗಳಿದ್ದರೆ ಅವನ್ನು ಒಂದಕ್ಕೊಂದು ಲಂಬವಾಗಿ ಇಡುತ್ತಾರೆ. ಇಷ್ಟಾದರೂ ಬ್ಯಾಟರಿ ಸೋತರೆ, ತಂತಿ ಸಡಿಲವಾದರೆ ಯಾವ ರೇಂಜೂ ಉಪಯೋಗಕ್ಕೆ ಬರುವುದಿಲ್ಲ.

ಸುದ್ದಿ ನಿಂತಾಗ ರಿಸೀವರ್ ಏನು ಮಾಡಬೇಕೆಂದು ಮುಂಚೆಯೇ ಹೇಳಿಡುವ ಏರ್ಪಾಡಿಗೆ ಫೇಲ್‌ಸೇಫ್ ಎನ್ನುತ್ತಾರೆ. ಕೆಟ್ಟಾಗಲೂ ಕೇಡು ಮಾಡದಿರುವುದು ಎಂದು ಅದರ ಅರ್ಥ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಕೊನೆಗೆ ಕೇಳಿದ ಮಾತನ್ನೇ ಹಿಡಿದುಕೊಂಡು ಮುಂದುವರಿಯುವುದು. ಇನ್ನೊಂದು, ಮೊದಲೇ ಕಲಿಸಿಟ್ಟ ಸ್ಥಿತಿಗೆ ಹೋಗುವುದು. ಮೊದಲನೆಯದು ವಿಧೇಯತೆಯಂತೆ ಕಾಣುತ್ತದೆ. ಆದರೆ ಕೊನೆಯ ಮಾತು "ಪೂರ್ತಿ ವೇಗ" ಎಂದಾಗಿದ್ದರೆ, ವಿಮಾನ ಪೂರ್ತಿ ವೇಗದಲ್ಲೇ ಹೋಗುತ್ತಿರುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಐದು ಸೆಕೆಂಡು ಮಾತು ತಲುಪದಿದ್ದರೆ ಈ ಫೋಮಿನ ವಿಮಾನ 140 ಮೀಟರ್ ದಾಟಿರುತ್ತದೆ. ಸೀಮೆಎಣ್ಣೆಯಿಂದ ನಡೆಯುವ ನಿಜವಾದ ಪುಟ್ಟ ಟರ್ಬೈನ್ ಜೆಟ್ಟುಗಳು ಗಂಟೆಗೆ 250 ಕಿಲೋಮೀಟರಿಗೂ ಮೀರಿ ಹಾರಬಲ್ಲವು. ಅಂಥದ್ದು ಅಷ್ಟೇ ಹೊತ್ತಿನಲ್ಲಿ 350 ಮೀಟರ್ ಹೋಗಿರುತ್ತದೆ. ಅದರ ಟರ್ಬೈನು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಹಿಂದಿನಿಂದ ಸುಡುವ ಗಾಳಿ ಹೊರಡುತ್ತದೆ, ಹೊಟ್ಟೆಯಲ್ಲಿ ಎಣ್ಣೆ ತುಂಬಿರುತ್ತದೆ. ಒಣ ಹುಲ್ಲಿನ ಬ್ಯಾಣಕ್ಕೆ ಅಂಥದ್ದು ಎಂಜಿನ್ ನಿಲ್ಲದೆ ಬಿದ್ದರೆ ಏನಾದೀತೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಆದ್ದರಿಂದ ಅವುಗಳಲ್ಲಿ ಫೇಲ್‌ಸೇಫಿನ ಮೊದಲ ಕೆಲಸವೇ ಎಂಜಿನ್ನಿಗೆ ಎಣ್ಣೆ ನಿಲ್ಲಿಸುವುದು.

ಇಷ್ಟನ್ನು ಮಗ ಪುಸ್ತಿಕೆ ತೆಗೆದು ಓದಿ ಹೇಳಿದ. ಆದರೂ ಅವನ ಮನಸ್ಸು ಒಪ್ಪಲಿಲ್ಲ. "ಮೋಟಾರ್ ನಿಂತ್ರೆ ವಿಮಾನ ಬಿದ್ದು ಹಾಳಾಗ್ತದೆ ಅಪ್ಪಯ್ಯ. ಓಡ್ತಾ ಇದ್ರೆ ಸಿಗ್ನಲ್ ವಾಪಸ್ ಬಂದಾಗ ಉಳಿಸ್ಕೊಳ್ಳಬಹುದು."

"ಬಿದ್ರೆ ಬೀಳ್ಲಿ. ಯಾರ ಮೇಲೆ ಬೀಳ್ತದೆ ಅನ್ನೋದು ಮುಖ್ಯ. ನಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಿದ್ದೀಯಲ್ಲ?"

ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರಿನೊಳಗೆ ಒಂದು ಕಾಯಿಲ್ ಇರುತ್ತದೆ. ಕರೆಂಟು ಇರುವ ತನಕ ಅದು ಅಯಸ್ಕಾಂತವಾಗಿ ಸ್ವಿಚ್ಚನ್ನು ಎಳೆದು ಹಿಡಿದಿರುತ್ತದೆ. ಕರೆಂಟು ಹೋದ ಕೂಡಲೇ ಹಿಡಿತ ಬಿಟ್ಟು, ಸ್ವಿಚ್ಚು ತಾನಾಗಿ ಕಳಚಿಕೊಳ್ಳುತ್ತದೆ. ಮತ್ತೆ ಕರೆಂಟು ಬಂದರೂ ಯಾರಾದರೂ ಹೋಗಿ ಹಸಿರು ಗುಂಡಿ ಒತ್ತುವವರೆಗೆ ಮೋಟಾರು ಹೊರಡುವುದಿಲ್ಲ. ಕರೆಂಟಿಲ್ಲವೆಂದು ಪಂಪಿಗೆ ಕೈ ಹಾಕಿ ಕುಳಿತವನನ್ನು ಕಾಯುವುದು ಅದೇ. ತಾಳಗುಪ್ಪಕ್ಕೆ ಬರುವ ರೈಲಿನಲ್ಲೂ ಇದೇ ತತ್ವ. ಬ್ರೇಕು ಬಿಟ್ಟುಕೊಂಡಿರಲು ಉದ್ದಕ್ಕೂ ಹೋದ ಕೊಳವೆಯಲ್ಲಿ ಗಾಳಿಯ ಒತ್ತಡ ಬೇಕು. ಡಬ್ಬಿ ಕಳಚಿಕೊಂಡರೆ ಗಾಳಿ ಸೋರಿ ಬ್ರೇಕು ತಾನಾಗಿ ಬೀಳುತ್ತದೆ. ಜಾರ್ಜ್ ವೆಸ್ಟಿಂಗ್‌ಹೌಸ್ 1870ರ ದಶಕದಲ್ಲೇ ಕಂಡುಕೊಂಡ ಉಪಾಯವಿದು. ಮಾತು ನಿಂತರೆ ಕೆಲಸ ನಿಲ್ಲಬೇಕು.

ತಂಗಿ ಹಿಡಿದುಕೊಳ್ಳುವುದು ಬೇಡವೆಂದು ತಂದೆಯೇ ಅಂಗಳದಂಚಿನ ಗೂಟಕ್ಕೆ ವಿಮಾನವನ್ನು ತೆಂಗಿನ ಹುರಿಯಿಂದ ಬಿಗಿಯಾಗಿ ಕಟ್ಟಿದರು. ಎದುರಿಗೂ ಹಿಂದಕ್ಕೂ ಯಾರೂ ನಿಲ್ಲದೆ ಎಲ್ಲರೂ ಪಕ್ಕಕ್ಕೆ ಸರಿದರು. ಮಗ ಕಡ್ಡಿಯನ್ನು ಕಾಲು ಭಾಗ ಏರಿಸಿದ. ಫ್ಯಾನು ಜುಂಯ್ಯೆಂದಿತು. ಆಮೇಲೆ ಟ್ರಾನ್ಸ್‌ಮಿಟರ್ ಆರಿಸಿದ.

ಫ್ಯಾನು ನಿಲ್ಲಲಿಲ್ಲ.

ಒಂದು, ಎರಡು, ಮೂರು... ಹತ್ತು ಎಣಿಸಿದರೂ ಅದೇ ಸದ್ದು. ಹುಡುಗ ಕೈಯಲ್ಲಿದ್ದ ಪೆಟ್ಟಿಗೆಯ ಕಡ್ಡಿಯನ್ನು ಕೆಳಕ್ಕೆಳೆದ. ಆರಿಸಿದ ಪೆಟ್ಟಿಗೆಯ ಮಾತು ಯಾರಿಗೆ ಕೇಳಬೇಕು? ಮತ್ತೆ ಅದನ್ನು ಹಚ್ಚಿ, ಅದು ಸಿದ್ಧವಾಗಿ, ವಿಮಾನ ಅದರ ಮಾತು ಕೇಳುವಷ್ಟರಲ್ಲಿ ಇನ್ನಷ್ಟು ಸೆಕೆಂಡುಗಳು ಕಳೆದವು. ರಿಸೀವರಿನಲ್ಲಿ ಕೊನೆಯ ಮಾತನ್ನೇ ಹಿಡಿದುಕೊಳ್ಳುವ ಬಗೆ ಆಯ್ಕೆಯಾಗಿತ್ತು. ಅದನ್ನು ಅವನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಯಾರೂ ಏನೂ ಹೇಳಲಿಲ್ಲ. ತಂಗಿ ಮಾತ್ರ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

ಅಂದು ಸಂಜೆ ಅವನು ಹೊಸದಾಗಿ ಕಲಿಸಿದ. ಮಾತು ನಿಂತರೆ ಮೋಟಾರು ಪೂರ್ತಿ ಆರಬೇಕು, ರೆಕ್ಕೆಯ ಅಂಚು ಸ್ವಲ್ಪ ವಾಲಬೇಕು, ಬಾಲ ತುಸು ಮೇಲೇಳಬೇಕು. ಹೀಗಾದರೆ ವಿಮಾನ ದೂರ ಓಡದೆ ಇದ್ದಲ್ಲೇ ಸುತ್ತುತ್ತ ಇಳಿಯುತ್ತದೆ. ಮತ್ತೆ ಗೂಟಕ್ಕೆ ಕಟ್ಟಿ ಟ್ರಾನ್ಸ್‌ಮಿಟರ್ ಆರಿಸಿದಾಗ ಒಂದೆರಡು ಸೆಕೆಂಡಿನಲ್ಲಿ ಫ್ಯಾನು ನಿಂತಿತು. ಕಡ್ಡಿ ಮೇಲಿದ್ದಾಗಲೇ ಸಿಗ್ನಲ್ಲು ಮರಳಿದರೆ ಮೋಟಾರು ಥಟ್ಟನೆ ಹೊರಡುತ್ತದೆಂಬುದೂ ಆಗ ತಿಳಿಯಿತು. ಬಿದ್ದ ವಿಮಾನ ಹೆಕ್ಕಲು ಹೋಗುವ ಮೊದಲು ಕಡ್ಡಿ ಕೆಳಗಿರಬೇಕು ಎಂದು ಪುಸ್ತಕದಲ್ಲಿ ಬರೆದುಕೊಂಡ. ರಿಸೀವರನ್ನು ಹೊಸದಾಗಿ ಜೋಡಿಸಿದಾಗಲೆಲ್ಲ, ಪ್ರತಿ ದಿನದ ಮೊದಲ ಹಾರಾಟಕ್ಕೆ ಮುಂಚೆ, ಈ ಪರೀಕ್ಷೆ ಆಗಲೇಬೇಕು ಎಂದೂ ಬರೆದ.

ಇದು ಆಟಿಕೆಯ ಮಾತು ಮಾತ್ರವಲ್ಲ. ಬೆಂಗಳೂರಿನ ಎಡಿಇ ಸಂಸ್ಥೆ ರೂಪಿಸಿದ 'ಲಕ್ಷ್ಯ' ಎಂಬ ಪೈಲಟ್ ಇಲ್ಲದ ಜೆಟ್, ಸೈನಿಕರ ಗುರಿ ಅಭ್ಯಾಸಕ್ಕಾಗಿ ಹಾರಿ ಕೊನೆಗೆ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಅದೇ ಸಂಸ್ಥೆಯ ಬಾಲವಿಲ್ಲದ ಜೆಟ್ಟೊಂದು 2022ರ ಜುಲೈ 1ರಂದು ಚಿತ್ರದುರ್ಗದ ಪರೀಕ್ಷಾ ನೆಲೆಯಲ್ಲಿ ಏರುವುದರಿಂದ ಇಳಿಯುವವರೆಗೆ ಎಲ್ಲವನ್ನೂ ತಾನೇ ಮಾಡಿ ತೋರಿಸಿತು. 2019ರ ಸೆಪ್ಟೆಂಬರಿನಲ್ಲಿ ಅದೇ ಜಿಲ್ಲೆಯ ಹೊಲವೊಂದಕ್ಕೆ ಪೈಲಟ್ ಇಲ್ಲದ ವಿಮಾನವೊಂದು ಪರೀಕ್ಷೆಯ ವೇಳೆ ಬಿದ್ದಿತ್ತು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಯಂತ್ರ ದೊಡ್ಡದಿರಲಿ, ಚಿಕ್ಕದಿರಲಿ, ಕೆಳಗೆ ಯಾರದ್ದೋ ಹೊಲ ಇದ್ದೇ ಇರುತ್ತದೆ.

ಮರುದಿನ ಬೆಳಿಗ್ಗೆ ಜನವಿಲ್ಲದ ಬಯಲಿನಲ್ಲಿ ವಿಮಾನ ಚೆನ್ನಾಗಿಯೇ ಹಾರಿತು. ಸಿಗ್ನಲ್ಲು ಒಮ್ಮೆಯೂ ಹೋಗಲಿಲ್ಲ. ಹಾಗಾದರೆ ಹಿಂದಿನ ಸಂಜೆಯ ಶ್ರಮ ವ್ಯರ್ಥವೇ ಎಂದು ತಂಗಿ ಕೇಳಿದಳು. ಅಣ್ಣ ನಕ್ಕು ಸುಮ್ಮನಾದ.

ರಜೆ ಮುಗಿದು ಅವನು ರಾತ್ರಿ ಬಸ್ಸಿಗೆ ಹೊರಟಾಗ ತಾಯಿ ಎಂದಿನಂತೆ, "ತಲುಪಿದ ಕೂಡಲೇ ಫೋನ್ ಮಾಡು" ಎಂದರು. ಹುಡುಗ ಈ ಸಲ ಹೂಂ ಎಂದಷ್ಟೇ ಹೇಳಿ ಹೊರಡಲಿಲ್ಲ. ಚೀಟಿಯೊಂದರಲ್ಲಿ ರೂಮಿನ ಜೊತೆಗಾರನ ನಂಬರು ಬರೆದು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ. "ಎಂಟು ಗಂಟೆ ತನಕ ನನ್ನ ಫೋನ್ ಬಂದಿಲ್ಲ ಅಂದ್ರೆ ಗಾಬರಿ ಬೇಡ ಅಮ್ಮ. ಮೊದಲು ಇವನಿಗೆ ಮಾಡು. ನನ್ನ ಮೊಬೈಲ್ ಸತ್ತಿದ್ರೆ ನಾನೂ ನೇರ ರೂಮಿಗೇ ಹೋಗಿರ್ತೇನೆ."

ತಂದೆ ಚೀಟಿಯನ್ನೊಮ್ಮೆ ಓದಿ, ಅಲ್ಲಿಯೇ ನಿಂತು ಆ ನಂಬರಿಗೊಂದು ಫೋನು ಮಾಡಿ ನೋಡಿದರು. ಅತ್ತ ಕಡೆ ಗಂಟೆ ಬಾರಿಸಿತು.