ಎಳ್ಳಮಾಸಿಯ ಮರುದಿನದ ರೊಟ್ಟಿ

ಎಳ್ಳ ಅಮಾವಾಸ್ಯೆಯ ಮರುದಿನ ನಮ್ಮ ಸೋಲಾಪುರದ ಮನೆಯಲ್ಲಿ ಒಲೆ ಹೊತ್ತಿಸುವ ಅವಸರ ಇರುವುದಿಲ್ಲ. ಹೊಲಕ್ಕೆ ಹೊತ್ತೊಯ್ದ ಬುಟ್ಟಿಯಲ್ಲಿ ಅರ್ಧದಷ್ಟು ಮರಳಿ ಬಂದಿರುತ್ತದೆ. ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಬಂದವರಿಗೆಲ್ಲ ಉಣಿಸಿ, ಹೋಗುವವರ ಕೈಗೆ ಕಟ್ಟಿಕೊಟ್ಟ ಮೇಲೂ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಾಳು ಪಲ್ಯ, ಹಿಂಡಿ ಎಂಬ ಚಟ್ನಿಪುಡಿ ಉಳಿದೇ ಉಳಿಯುತ್ತವೆ. ಜೋಳದ ಕಡಕ ರೊಟ್ಟಿಯಂತೂ ಮೊಳದೆತ್ತರ ಒಂದರ ಮೇಲೊಂದು ಬಿಳಿ ಅರಿವೆಯೊಳಗೆ ಕೂತಿರುತ್ತದೆ.

ಈ ಸಲ ಅದನ್ನು ಮುಗಿಸಲು ನಾಲ್ವರು ಗೆಳತಿಯರು ಕೂಡಿದೆವು. ಅಕ್ಕಲಕೋಟೆಯಾಕೆ ಸುಮಾರು ನಲವತ್ತು ಕಿಲೋಮೀಟರು ಎಸ್‌ಟಿ ಬಸ್ಸಿನಲ್ಲಿ ಬಂದಳು, ಒಳಕಲ್ಲಿನಲ್ಲಿ ತಾನೇ ಕುಟ್ಟಿದ ಶೇಂಗಾ ಹಿಂಡಿಯ ಡಬ್ಬಿಯೊಂದಿಗೆ. ಜೊತೆಗೆ ಪುಣೆಯಲ್ಲಿ ಓದುವ ಅವಳ ಮಗಳು. ಪದ್ಮಶಾಲಿ ಮನೆತನದ ಗೆಳತಿ ಗೋಂಗೂರ ಪಚ್ಚಡಿ ತಂದಳು. ಅವರ ಹಿರಿಯರು ಮಗ್ಗದ ಕೆಲಸಕ್ಕೆಂದು ತೆಲುಗು ನಾಡಿನಿಂದ ಈ ಊರಿಗೆ ಬಂದವರು. ಮರಾಠಿ ಗೆಳತಿಯದು ಕಡಲೆಹಿಟ್ಟಿನ ಪಿಠಲ ಮತ್ತು ಹಸಿಮೆಣಸಿನಕಾಯಿ ಠೇಚಾ. ಡಬ್ಬಿಗಳ ಮುಚ್ಚಳ ತೆಗೆದಾಗ ಗೋಂಗೂರ ನಮ್ಮ ಪುಂಡಿಯೇ ಆಗಿತ್ತು, ಪಿಠಲ ನಮ್ಮ ಜುಣಕದ ಒಡಹುಟ್ಟು. ಸೋಲಾಪುರದ ಅಡುಗೆಮನೆಯಲ್ಲಿ ಹೀಗೆ ಒಂದೇ ಪದಾರ್ಥಕ್ಕೆ ಎರಡು ಮೂರು ಹೆಸರು ಇರುವುದು ನನಗೆ ಸಣ್ಣಂದಿನಿಂದಲೂ ಬಲು ಇಷ್ಟ.

ಹುಡುಗಿ ಒಂದು ರೊಟ್ಟಿ ಎತ್ತಿಕೊಂಡು ಬೆರಳಿನಿಂದ ತಟ್ಟಿದಳು. ಟಣ್ ಎಂದಿತು. "ಮೌಶಿ, ಪುಣೆದಾಗ ಇದಕ್ಕ ಟೋಸ್ಟಾಡಾ ಅಂತಾರ್ರೀ. ಮ್ಯಾಲೆ ಕಾಳು, ಉಳ್ಳಾಗಡ್ಡಿ, ಟೊಮೆಟೊ ಹಾಕಿ ಕೊಡ್ತಾರ."

"ಇದಕ್ಕಲ್ಲವಾ, ಇಂಥಾದ್ದಕ್ಕ ಅನ್ನು," ಅಂದಳು ಅವಳವ್ವ.

ಅವ್ವ ಹೇಳಿದ್ದು ಸರಿ, ಮಗಳು ಹೇಳಿದ್ದೂ ಸುಳ್ಳಲ್ಲ. ಟೋಸ್ಟಾಡಾ ಎಂದರೆ ಸ್ಪ್ಯಾನಿಷ್‌ನಲ್ಲಿ ಕಾಯಿಸಿ ಗರಿಗರಿ ಮಾಡಿದ್ದು ಎಂದರ್ಥ. ಮೆಕ್ಸಿಕೋದ ಮನೆಗಳಲ್ಲಿ ಹಳತಾದ ಮೆಕ್ಕೆಜೋಳದ ರೊಟ್ಟಿಯನ್ನು ಚೆಲ್ಲದೆ, ಕಾಯಿಸಿಯೋ ಕರಿದೋ ಗರಿಗರಿ ಮಾಡಿ, ಅದರ ಮೇಲೆ ಅರೆದ ಕಾಳು, ಸೊಪ್ಪು, ಖಾರ ಹರಡಿಕೊಂಡು ತಿನ್ನುತ್ತಾರೆ. ಮೆತ್ತನೆಯ ರೊಟ್ಟಿಯೊಳಗೆ ಪಲ್ಯ ಇಟ್ಟು ಬಿಗಿಯಾಗಿ ಸುತ್ತಿ ಕರಿದರೆ ಟಾಕೀಟೋ. ಉಳಿದದ್ದಕ್ಕೆ ಮರುಜೀವ ಕೊಡುವ ಹೆಣ್ಣುಮಕ್ಕಳ ಜಾಣತನ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ವ್ಯತ್ಯಾಸವೆಂದರೆ ನಮ್ಮ ಕಡಕ ರೊಟ್ಟಿ ಉಳಿದು ಗಟ್ಟಿಯಾದದ್ದಲ್ಲ. ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಅರಿವೆಯಿಂದ ಒತ್ತಿ ಒತ್ತಿ, ಹಸಿಯನ್ನೆಲ್ಲ ಆರಿಸಿ, ವಾರಗಟ್ಟಲೆ ಇರಲೆಂದು ಬೇಕೆಂದೇ ಮಾಡಿದ್ದು. ಜಾತ್ರೆಗೆ, ದೂರದ ಊರಿಗೆ, ಪಾದಯಾತ್ರೆಗೆ ಹೊರಟವರ ಬುತ್ತಿ ಅದು.

ಹಿಟ್ಟಿನ ಕಥೆಯೂ ಚೆಂದವಿದೆ. ಮೆಕ್ಕೆಜೋಳದಲ್ಲಿಯೂ ನಮ್ಮ ಜೋಳದಲ್ಲಿಯೂ ಗೋಧಿಯ ಅಂಟು ಇಲ್ಲ. ಅವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಅರೆದು ಅಂಟು ತರಿಸುತ್ತಾರೆ. ನಾವು ಕುದಿಯುವ ಎಸರನ್ನು ಹಿಟ್ಟಿಗೆ ಸುರುವಿ, ಬಿಸಿ ಆರುವ ಮೊದಲೇ ಅಂಗೈಯಿಂದ ತಿಕ್ಕಿ ತಿಕ್ಕಿ ನಾದುತ್ತೇವೆ. ಜೋಳವೂ ನಮ್ಮ ಪುಣ್ಯಕ್ಕೆ ಮಾಲದಂಡಿ. 1930ರ ದಶಕದಲ್ಲಿ ಇದೇ ಜಿಲ್ಲೆಯ ಮೋಹೋಳದಲ್ಲಿ ಆರಿಸಿದ ಮಾಲದಂಡಿ 35-1 ಇಂದಿಗೂ ಹಿಂಗಾರಿಯ ಹೊಲಗಳನ್ನು ಆಳುತ್ತಿದೆ. ಬಸವಣ್ಣನವರು ಇದ್ದ ಮಂಗಳವೇಢೆ ಇಲ್ಲಿಂದ ದೂರವಿಲ್ಲ. ಅಲ್ಲಿನ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ.

ಸರಿ, ನಮ್ಮ ರೊಟ್ಟಿಯಿಂದಲೇ ಟೋಸ್ಟಾಡಾ, ಟಾಕೀಟೋ ಮಾಡಲು ಕೈ ಹಚ್ಚಿದೆವು. ಮೊದಲನೆಯ ರೊಟ್ಟಿಗೆ ನಾನು ಮೊಸರು ಹಚ್ಚಿ ಅದರ ಮೇಲೆ ಕಾಳು ಇಟ್ಟೆ. ಬಾಯಿಗೆ ಒಯ್ಯುವಷ್ಟರಲ್ಲಿ ನಡುವೆ ಮೆತ್ತಗಾಗಿ ಕುಸಿಯಿತು. ಅಕ್ಕಲಕೋಟೆಯಾಕೆ ಮಾತಾಡದೆ ಇನ್ನೊಂದು ರೊಟ್ಟಿ ತೆಗೆದುಕೊಂಡಳು. ಶೇಂಗಾ ಹಿಂಡಿಗೆ ಶೇಂಗಾ ಎಣ್ಣೆ ಧಾರಾಳವಾಗಿ ಬಿಟ್ಟು ಕಲಸಿದಳು. ಹಿಂಡಿ ಕೆಂಪಗೆ ಮಿನುಗತೊಡಗಿತು, ಬಳ್ಳೊಳ್ಳಿಯ ವಾಸನೆ ಮನೆ ತುಂಬ ಹರಡಿತು. ಅದನ್ನು ಹೆಬ್ಬೆರಳಿನಿಂದ ಅಂಚಿನವರೆಗೆ ತೆಳ್ಳಗೆ ಸವರಿದಳು. ಎಣ್ಣೆ ಸವರಿದ ರೊಟ್ಟಿಗೆ ನೀರು ಬೇಗ ಇಳಿಯುವುದಿಲ್ಲ. ಅದರ ಮೇಲೆ ಒಣಗಿದಂತಿದ್ದ ಮಡಿಕೆ ಕಾಳಿನ ಪಲ್ಯ, ಹೆಚ್ಚಿದ ಉಳ್ಳಾಗಡ್ಡಿ, ಎಳೆ ಮೆಂತ್ಯ ತಪ್ಪಲ, ಕಡೆಗೆ ಅರಿವೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು ಒಂದು ಚಮಚೆ. ಕಚ್ಚಿದರೆ ಕಡೆಯ ತುತ್ತಿನವರೆಗೂ ಕರುಂ ಕರುಂ. ಇನ್ನೊಂದಕ್ಕೆ ಪುಂಡಿಯ ಮೇಲೆ ಗುರೆಳ್ಳು ಹಿಂಡಿ ಉದುರಿಸಿದೆವು. ಹುಳಿಗೆ ಆ ಕಮ್ಮನೆ ಕಹಿ ಕೂಡಿದ್ದು ಅಂದಿನ ಎಲ್ಲಕ್ಕಿಂತ ಮೇಲಾಗಿತ್ತು, ನನ್ನ ನಾಲಿಗೆಯ ತೀರ್ಪು ಅದೇ.

ಟಾಕೀಟೋದಂಥ ಸುರುಳಿಯ ಸರದಿ ಬಂದಾಗ ತೊಂದರೆ ಹೆಚ್ಚಾಯಿತು. ಮುಂಜಾನೆಯ ಮೆತ್ತನೆಯ ರೊಟ್ಟಿಗಳಲ್ಲಿ ಪಿಠಲ ಇಟ್ಟು ಸುತ್ತಿದೆವು, ಮೂರೂ ನಡುವೆ ಸೀಳಿದವು. ಜೋಳದ ರೊಟ್ಟಿ ಆರಿದ ಮೇಲೆ ಬಾಗುವುದಿಲ್ಲ. ಕಡೆಗೆ ಮತ್ತೆ ಒಲೆ ಹೊತ್ತಿಸಿದೆವು. ತೆಳ್ಳಗೆ ಅಂಗೈಯಗಲ ಬಡಿದು, ಹಂಚಿನಿಂದ ಇಳಿಸಿದ ಕ್ಷಣವೇ ಒದ್ದೆ ಅರಿವೆಯೊಳಗೆ ಮುಚ್ಚಿಟ್ಟು, ಹಬೆಯಾಡುತ್ತಿರುವಾಗಲೇ ಠೇಚಾ ಸವರಿ, ಪಿಠಲದ ಸಣ್ಣ ಎಳೆಯಿಟ್ಟು ಸುತ್ತಿದೆವು. ಅಂಚು ಕೆಳಗೆ ಬರುವಂತೆ ಹಂಚಿನ ಮೇಲೆ ಎಣ್ಣೆ ಬಿಟ್ಟು ಕೂಡಿಸಿದರೆ ಅದು ತಾನಾಗಿ ಅಂಟಿಕೊಂಡಿತು. ಸಣ್ಣವಳಿದ್ದಾಗ ನನ್ನವ್ವ ಬಿಸಿ ರೊಟ್ಟಿಗೆ ತುಪ್ಪ, ಖಾರ ಸವರಿ ಸುರುಳಿ ಮಾಡಿ ಕೈಗೆ ಕೊಟ್ಟು ಶಾಲೆಗೆ ಅಟ್ಟುತ್ತಿದ್ದಳು. ಅದೇ ಸುರುಳಿ, ಈಗ ಹೊಟ್ಟೆ ತುಂಬಿಕೊಂಡಿತ್ತು.

ತಿನ್ನುತ್ತ ಒಂದು ವಿಚಾರ ಹೊಳೆಯಿತು. ನಮ್ಮ ಸೋಲಾಪುರದ ಹೆಮ್ಮೆಯ ಹಿಂಡಿಯೊಳಗಿನ ಶೇಂಗಾ ದಕ್ಷಿಣ ಅಮೆರಿಕದ ಕೂಸು. ಮೆಣಸಿನಕಾಯಿಯಂತೂ ಟೋಸ್ಟಾಡಾದ ತವರು ಮೆಕ್ಸಿಕೋದಲ್ಲೇ ಮೊದಲು ಬೆಳೆದದ್ದು. ಪೋರ್ಚುಗೀಸರ ಹಡಗೇರಿ ನಮ್ಮ ಕಡೆಗೆ ಬಂತು. ಜೋಳವೂ ಬಹಳ ಹಿಂದೆ ಆಫ್ರಿಕಾದಿಂದ ಬಂದದ್ದು. ನೂರಾರು ವರ್ಷ ಈ ಕಪ್ಪು ಮಣ್ಣಿನಲ್ಲಿ ಬೆಳೆದು ಅವೆಲ್ಲ ನಮ್ಮವಾಗಿವೆ. ಅವುಗಳನ್ನು ಹೊಸ ರೀತಿಯಲ್ಲಿ ಕೂಡಿಸಿದರೆ ರೊಟ್ಟಿಯ ಮಾನಕ್ಕೇನೂ ಕುಂದಿಲ್ಲ. ಎಳೆಯರು ಆಟವಾಡುತ್ತ ಹಂಚಿನ ಹತ್ತಿರ ಬರುತ್ತಾರಲ್ಲ, ನನಗೆ ಅದು ದೊಡ್ಡದು.

ಸಂಜೆ ಹುಡುಗಿ ತಾನೂ ರೊಟ್ಟಿ ಬಡಿಯುತ್ತೇನೆಂದು ಕೂತಳು. ಮೊದಲನೆಯದು ಅಂಚು ಸೀಳಿತು, ಎರಡನೆಯದು ಎತ್ತುವಾಗ ಹರಿಯಿತು. ಅವ್ವ ಹಿಂದಿನಿಂದ ಅವಳ ಕೈ ಹಿಡಿದು, "ಬೆರಳಲೆ ಒತ್ತಬ್ಯಾಡ, ಅಂಗೈಲೆ ತಿರುಗಿಸು," ಅಂದಳು. ಅರ್ಧ ತಾಸಿನಲ್ಲಿ ಹುಡುಗಿಯ ರಟ್ಟೆ ಸೋತಿತು. ಈ ಊರಿನಲ್ಲಿ ದಿನಕ್ಕೆ ನೂರಾರು ರೊಟ್ಟಿ ಬಡಿದು ಮಾರಿ ಸಂಸಾರ ನಡೆಸುವ ತಾಯಂದಿರಿದ್ದಾರೆ.

ಸೋಲಾಪುರಕ್ಕೆ ಸಿದ್ಧರಾಮನ ಗಡ್ಡಾ ಜಾತ್ರೆಗೋ, ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೋ ಬಂದವರು ಚಾದರದ ಜೊತೆಗೆ ಒಂದು ಕಟ್ಟು ಕಡಕ ರೊಟ್ಟಿ, ಪಾವು ಕಿಲೋ ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೋಗಿರಿ. ಮನೆಗೆ ಹೋಗಿ ನಾಲ್ಕು ಜನರನ್ನು ಕರೆಯಿರಿ. ಆದರೆ ರೊಟ್ಟಿ ಮಾರುವ ಆ ತಾಯಿಯ ಹತ್ತಿರ ಚೌಕಾಸಿ ಮಾತ್ರ ಮಾಡಬೇಡಿರಿ.