ಚಾವಿ ಕೈಗೆ ಬಂದ ಮೇಲೆ

ಪುಣೆಯ ವಾಕಡ್‌ನಲ್ಲಿ ನನ್ನದೊಂದು ಕಾರ್ ಡೀಟೇಲಿಂಗ್ ಅಂಗಡಿ ಇದೆ. ಊರಿಗೆ ಹೋದಾಗ ಹೀಗೆಂದರೆ, "ಅಂದ್ರ ಗಾಡಿ ತೊಳೀತಿಯೇನಪಾ?" ಎನ್ನುತ್ತಾರೆ. ತೊಳೆಯುವುದೂ ಹೌದು, ಪಾಲಿಶ್ ಮಾಡುವುದು, ಸೆರಾಮಿಕ್ ಕೋಟಿಂಗ್ ಕೊಡುವುದು, ಬಣ್ಣದ ಮೇಲೆ ಪಿಪಿಎಫ್ ಎಂಬ ಪಾರದರ್ಶಕ ಹಾಳೆ ಅಂಟಿಸುವುದೂ ಹೌದು. ಆದರೆ ಇದೆಲ್ಲವನ್ನೂ ಕಲಿಯಬಹುದು. ಕಲಿಯಲು ಕಷ್ಟವಾದದ್ದು ಬೇರೆ. ಬೆಳಿಗ್ಗೆ ಯಾರೋ ಒಬ್ಬರು ಹದಿನೈದು ಲಕ್ಷದ ಗಾಡಿಯ ಚಾವಿಯನ್ನು ನನ್ನ ಕೈಗಿಟ್ಟು ಹಿಂಜವಡಿಯ ಆಫೀಸಿಗೆ ಹೋಗುತ್ತಾರೆ. ಅವರು ಮರಳುವವರೆಗೆ ಅದರ ಮೇಲೆ ಬೀಳುವ ಪ್ರತಿ ಗೀರಿಗೂ ನಾನು ಉತ್ತರ ಹೇಳಬೇಕು.

ಅಂಗಡಿ ತೆರೆದ ಹೊಸದರಲ್ಲಿ ಪಕ್ಕದ ಗ್ಯಾರೇಜಿನವರು ಒಂದು ಉಪಾಯ ಹೇಳಿಕೊಟ್ಟರು: "ವಾಹನದ ಹೊಣೆ ಮಾಲೀಕರದೇ ಅಂತ ದೊಡ್ಡದಾಗಿ ಬೋರ್ಡ್ ಬರೆಸಿ ಹಾಕಿ. ನಿಶ್ಚಿಂತೆ." ನಮ್ಮ ಕಡೆ ಇದಕ್ಕೊಂದು ಗಾದೆಯೇ ಇದೆ: ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಬೋರ್ಡ್ ಬರೆಸುವ ಮೊದಲು ವಕೀಲರಾದ ಗೆಳೆಯರೊಬ್ಬರನ್ನು ಕೇಳಿದೆ. ಅವರು 1872ರ ಭಾರತೀಯ ಕರಾರು ಕಾಯ್ದೆ ತೆಗೆದರು. ಇನ್ನೊಬ್ಬರ ವಸ್ತುವನ್ನು ಒಂದು ಕೆಲಸಕ್ಕಾಗಿ ವಶಕ್ಕೆ ತೆಗೆದುಕೊಂಡವನು, ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನದೇ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡಬೇಕು ಎಂದು ಅದರ 151ನೇ ಸೆಕ್ಷನ್ ಹೇಳುತ್ತದೆ. ಅಷ್ಟು ಜೋಪಾನ ಮಾಡಿಯೂ ಹಾನಿಯಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಅವನು ಹೊಣೆಯಲ್ಲ ಎಂದು 152 ಹೇಳುತ್ತದೆ.

ಬೋರ್ಡಿನ ಬೆಲೆ ಎಷ್ಟು ಎಂಬುದಕ್ಕೂ ಉತ್ತರ ಇದೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು ತಮ್ಮ ಮಾರುತಿ ಜೆನ್ ಅನ್ನು ಅಲ್ಲಿನ ವ್ಯಾಲೆಗೆ ಒಪ್ಪಿಸಿದ್ದರು. ಗಾಡಿ ಕಳುವಾಯಿತು. ಕೊಟ್ಟ ಚೀಟಿಯ ಮೇಲೆ ಹೊಣೆ ಮಾಲೀಕರದೇ ಎಂದು ಅಚ್ಚಾಗಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಚಾವಿ ಪಡೆದು ಗಾಡಿಯನ್ನು ವಶಕ್ಕೆ ತೆಗೆದುಕೊಂಡ ಮೇಲೆ, ಇಂಥ ಸಾಲು ಅಚ್ಚು ಹಾಕಿ ತಮ್ಮ ನಿರ್ಲಕ್ಷ್ಯದಿಂದ ಪಾರಾಗಲು ಆಗುವುದಿಲ್ಲ. ನಾನು ಬೋರ್ಡ್ ಬರೆಸಲಿಲ್ಲ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಟಾರ್ಚ್ ಕೊಂಡೆ.

ಗಾಡಿ ಬಂದ ಕೂಡಲೇ ಆ ಟಾರ್ಚ್ ಹಿಡಿದು ಗಿರಾಕಿಯ ಜೊತೆಯಲ್ಲೇ ಒಂದು ಸುತ್ತು ಹಾಕುತ್ತೇವೆ. ನಾಲ್ಕೂ ಬದಿ, ನಾಲ್ಕೂ ಚಕ್ರದ ರಿಮ್ಮು, ಗಾಜು, ಸೀಟು, ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿರುವ ದೀಪಗಳು, ಓಡಿದ ಕಿಲೋಮೀಟರು, ಪೆಟ್ರೋಲು, ಎಲ್ಲದರ ಫೋಟೋ. ಕೂಡಲೇ ಅವು ಅವರ ವಾಟ್ಸಾಪಿಗೆ ಹೋಗುತ್ತವೆ. ಮಣ್ಣು ಮೆತ್ತಿದ ಗಾಡಿಯನ್ನು ತೊಳೆದ ಮೇಲೆ ಮತ್ತೊಮ್ಮೆ ಫೋಟೋ, ಏಕೆಂದರೆ ಹಳೆಯ ಗೀರುಗಳು ಕಾಣುವುದೇ ಆಗ. "ಈ ಗೀರು ಮೊದಲು ಇರಲಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ಸುಳ್ಳು ಹೇಳುವುದಿಲ್ಲ. ತಮ್ಮ ಗಾಡಿಯನ್ನು ಅಷ್ಟು ಹತ್ತಿರದಿಂದ ಅವರು ನೋಡಿರುವುದಿಲ್ಲ, ಅಷ್ಟೇ.

ಕಣ್ಣಿಗೆ ಕಾಣದ್ದು ಇನ್ನೂ ಇದೆ. ಕಂಪನಿಯಿಂದ ಬಂದ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಅದರಲ್ಲಿ ಹೊಳಪು ಕೊಡುವ ಮೇಲಿನ ಕ್ಲಿಯರ್‌ಕೋಟ್ ತಲೆಗೂದಲಿಗಿಂತ ತೆಳು. ಪಾಲಿಶ್ ಎಂದರೆ ಆ ಪದರವನ್ನೇ ತುಸು ತುಸುವೇ ಸವೆಸುವುದು. ಅದಕ್ಕೇ ಗೇಜ್ ಇಟ್ಟು ಅಳೆಯದೆ ಮಷೀನು ಹಚ್ಚುವುದಿಲ್ಲ. ಒಂದು ಬಾಗಿಲಿನ ಮೇಲೆ ಮಾತ್ರ 250 ತೋರಿಸಿದರೆ ಅದಕ್ಕೆ ಮತ್ತೆ ಬಣ್ಣ ಹೊಡೆದಿದ್ದಾರೆ ಎಂದೇ ತಿಳಿಯಬೇಕು. ಅಲ್ಲಿನ ಹಳೆಯ ಪಿಪಿಎಫ್ ಕಿತ್ತರೆ ಜೊತೆಗೆ ಬಣ್ಣವೂ ಕಿತ್ತು ಬರಬಹುದು. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಎಷ್ಟೋ ಸಲ ಈ ಸುದ್ದಿ ಮೊದಲು ತಲುಪುವುದು ನನ್ನ ಬಾಯಿಂದ. ಮುಖ ಸಣ್ಣದಾಗುತ್ತದೆ. ಆದರೂ ಕೆಲಸ ಶುರುವಾಗುವ ಮೊದಲೇ ಹೇಳಿ, ಬರೆದು, ಸಹಿ ಹಾಕಿಸಿಕೊಳ್ಳುತ್ತೇನೆ.

ಇಷ್ಟೆಲ್ಲ ಮಾಡಿಯೂ ಅವಘಡ ತಪ್ಪುವುದಿಲ್ಲ. ಎರಡು ವರ್ಷದ ಹಿಂದೆ, ನಮ್ಮಲ್ಲಿ ಕೆಲಸಕ್ಕಿರುವ ಇಂಡಿ ತಾಲ್ಲೂಕಿನ ಹುಡುಗನ ಕೈಯಲ್ಲಿ ಒಂದು ಕಪ್ಪು ಸೆಡಾನಿನ ಬಾನೆಟ್ ಅಂಚು ಸುಟ್ಟಿತು. ಅಂಚಿನಲ್ಲಿ ಬಣ್ಣ ಇನ್ನೂ ತೆಳುವಿರುತ್ತದೆ. ಮಷೀನು ಕ್ಷಣ ಹೆಚ್ಚು ನಿಂತರೂ ಸಾಕು. ಹುಡುಗ ಮಷೀನು ಆರಿಸಿ ನೇರ ನನ್ನ ಹತ್ತಿರ ಬಂದ. "ಅಣ್ಣಾ, ಬಾನೆಟ್ ಸುಟ್ಟೈತ್ರಿ. ನನ್ನ ಪಗಾರದಾಗ ಮುರ್ಕೊಳ್ರಿ, ಊರಿಗೆ ಮಾತ್ರ ಕಳಸಬ್ಯಾಡ್ರಿ" ಅಂದ. ಬಾನೆಟ್ಟಿಗೆ ಬಣ್ಣ ಹೊಡೆಸಲು ಎಂಟು ಸಾವಿರ. ಅವನ ಪಗಾರ ಹದಿನಾಲ್ಕು.

ಈ ಧಂದೆಯಲ್ಲಿ ಹುಡುಗರ ಪಗಾರ ಮುರಿಯುವುದು ಮಾಮೂಲು. ನಾನು ಮುರಿಯಲಿಲ್ಲ. ಅದು ದೊಡ್ಡತನವಲ್ಲ, ಲೆಕ್ಕ. ಗಿರಾಕಿ ಚಾವಿ ಕೊಟ್ಟದ್ದು ಅಂಗಡಿಗೆ, ಹುಡುಗನಿಗಲ್ಲ. ಕೋಟಿಂಗಿನ ಲಾಭ ಅಂಗಡಿಗೆ ಬರುವುದಾದರೆ ನಷ್ಟವೂ ಅಲ್ಲಿಗೇ ಬರಬೇಕು. ಇನ್ನೂ ಒಂದು ಮಾತು: ಪಗಾರ ಮುರಿದಿದ್ದರೆ ಮುಂದಿನ ಸಲ ಅವನು ನನ್ನ ಹತ್ತಿರ ಬರುತ್ತಿರಲಿಲ್ಲ, ಮೇಣ ಸವರಿ ಮುಚ್ಚಿಡುತ್ತಿದ್ದ. ಗಿರಾಕಿಗೆ ನಾನೇ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಅವರು ಸಿಟ್ಟಾದರು. ಬಣ್ಣ ಹೊಡೆಸಿಕೊಟ್ಟೆವು, ಅವತ್ತಿನ ಕೆಲಸದ ದುಡ್ಡು ತೆಗೆದುಕೊಳ್ಳಲಿಲ್ಲ. ಅವರು ಮತ್ತೆ ಬಂದಿಲ್ಲ. ಹುಡುಗ ಇನ್ನೂ ಇದ್ದಾನೆ. ಈಗ ಮಷೀನು ಹಚ್ಚುವ ಮೊದಲು ಎಲ್ಲ ಅಂಚುಗಳಿಗೂ ಟೇಪ್ ಹಚ್ಚುವುದನ್ನು ಹೊಸಬರಿಗೆ ಕಲಿಸುವವನು ಅವನೇ.

ಉಳಿದದ್ದಕ್ಕೆ ಕಟ್ಟುನಿಟ್ಟು ಇದೆ. ಲೈಸೆನ್ಸ್ ಇರುವ ಇಬ್ಬರ ಹೊರತು ಯಾರೂ ಗಾಡಿ ಅಲುಗಿಸುವಂತಿಲ್ಲ. ಅಂಗಡಿಯೊಳಗಿರುವ ಗಿರಾಕಿಗಳ ವಾಹನಗಳಿಗೆಂದೇ ವಿಮೆ ಮಾಡಿಸಿದ್ದೇನೆ. ನನ್ನ ಅಂಗಡಿಯಲ್ಲಿ ಆಗುವ ಹಾನಿಗೆ ಗಿರಾಕಿ ತನ್ನ ವಿಮೆಯ ಬೋನಸ್ ಕಳೆದುಕೊಳ್ಳುವುದು ನ್ಯಾಯವಲ್ಲ.

ಓದುಗರಲ್ಲಿ ಹೆಚ್ಚಿನವರು ಮೇಜಿನ ಆ ಬದಿಯವರು. ನಿಮಗೊಂದು ಮಾತು: ಚಾವಿ ಕೊಡುವ ಮೊದಲು ಗಾಡಿಯೊಳಗಿನ ದುಡ್ಡು, ಕಾಗದಪತ್ರ ತೆಗೆದುಕೊಳ್ಳಿ. ಬಣ್ಣ ಹೊಡೆಸಿದ್ದರೆ ಮುಚ್ಚಿಡಬೇಡಿ. ಐದು ನಿಮಿಷ ನಿಂತು ಅಂಗಡಿಯವನ ಜೊತೆ ಒಂದು ಸುತ್ತು ಹಾಕಿ. ಅವನು ಸುತ್ತು ಹಾಕಲು ಒಪ್ಪದೆ ಗೋಡೆಯ ಬೋರ್ಡಿನತ್ತ ಬೆರಳು ತೋರಿಸಿದರೆ, ಚಾವಿಯನ್ನು ಕಿಸೆಯಲ್ಲೇ ಇಟ್ಟುಕೊಳ್ಳಿ.