ಚಳಿಯ ಬೇಸಿಗೆಗೆ ಕಟ್ಟಿದ ಪೆಟ್ಟಿಗೆ

‘ಬೇಸಿಗೆ’ ಎಂಬ ಪದವನ್ನು ಕೇಳಿದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ನನಗಂತೂ ಸಂತೆಗುಳಿಯ ನಮ್ಮ ಮನೆಯ ಅಂಗಳ, ಒಣಗಲು ಹಾಕಿದ ಹಪ್ಪಳ, ತಳ ಕಾಣಿಸುವ ಬಾವಿ, ಸೆಕೆಗೆ ಬೆನ್ನಿಗಂಟಿದ ಬನಿಯನ್ನು, ಇವೇ ನೆನಪಿಗೆ ಬರುತ್ತವೆ. ಕುಮಟಾ, ಹೊನ್ನಾವರ, ಭಟ್ಕಳದ ಯಾರಿಗೇ ಆಗಲಿ ಬೇಸಿಗೆಯೆಂದರೆ ಮೈಮೇಲಿನ ಬಟ್ಟೆಯನ್ನು ಕಡಿಮೆ ಮಾಡುವ ಕಾಲ. ಬೇಸಿಗೆಯ ಪ್ರವಾಸಕ್ಕೆ ಉಣ್ಣೆಯ ಬಟ್ಟೆ ಕಟ್ಟಿಕೊಳ್ಳಿರೆಂದು ಯಾರಾದರೂ ಹೇಳಿದರೆ ನಾವು ನಗುತ್ತೇವೆ. ಹಾಗೆ ನಕ್ಕವರಲ್ಲಿ ನಾನೂ ಒಬ್ಬ. ಆ ನಗುವಿಗೆ ತೆತ್ತ ಬೆಲೆಯನ್ನು ಈ ತಿಂಗಳು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

2024ರ ಏಪ್ರಿಲ್ ತಿಂಗಳಲ್ಲಿ ಕೆಲವು ದಿನಗಳ ಮಟ್ಟಿಗೆ ಊರಿಗೆ ಹೋಗಿದ್ದೆ. ಒಂದು ಸಂಜೆ ನೆರೆಮನೆಯ ಮಾಸ್ತರರೂ ಅಕ್ಕೋರೂ ನಮ್ಮ ಜಗಲಿಗೆ ಬಂದರು. ಇಬ್ಬರೂ ನಿವೃತ್ತ ಶಿಕ್ಷಕರು. ಇಬ್ಬರಿಗೂ ಎಪ್ಪತ್ತು ದಾಟಿದೆ. ನನಗೆ ಅಕ್ಷರ ತಿದ್ದಿಸಿದವರು ಅಕ್ಕೋರು, ಮಗ್ಗಿ ಕಲಿಸಿದವರು ಮಾಸ್ತರರು. ನಾಲ್ಕು ಜನರೆದುರು ಅವರು ನನ್ನನ್ನು ‘ಫಾದರ್, ನೀವು’ ಎನ್ನುತ್ತಾರೆ. ನಾವಷ್ಟೇ ಇದ್ದಾಗ ಮಾಸ್ತರರ ಬಾಯಲ್ಲಿ ‘ನೀನು’ ಎಂಬುದು ತಾನಾಗಿ ಬರುತ್ತದೆ. ಆ ‘ನೀನು’ ನನಗೆ ಬಲು ಪ್ರಿಯ.

ಅವರ ಮಗಳು ಅಮೆರಿಕದ ಸಿಯಾಟಲ್ ನಗರದಲ್ಲಿ ನರ್ಸ್. ಅಪ್ಪ ಅಮ್ಮನನ್ನು ಕರೆಸಿಕೊಂಡು, ಜೂನ್ ತಿಂಗಳಲ್ಲಿ ಏಳು ರಾತ್ರಿಗಳ ಹಡಗಿನ ಪ್ರವಾಸಕ್ಕೆ ಅಲಾಸ್ಕಾಗೆ ಕರೆದೊಯ್ಯಬೇಕೆಂದು ಎಲ್ಲವನ್ನೂ ಗೊತ್ತುಮಾಡಿದ್ದಳು. ಕೆಚಿಕನ್, ಜೂನೋ, ಸ್ಕಾಗ್ವೇ ಎಂಬ ಊರುಗಳು, ಗ್ಲೇಸಿಯರ್ ಬೇ ಎಂಬ ಹಿಮದ ಕೊಲ್ಲಿ, ಕೊನೆಗೆ ಕೆನಡಾದ ವಿಕ್ಟೋರಿಯಾ. ಪೆಟ್ಟಿಗೆಗೆ ಏನು ತುಂಬಬೇಕೆಂದು ಕೇಳಲು ನನ್ನ ಬಳಿ ಬಂದಿದ್ದರು. ನಾನು ಹಿಂದೆ ಜರ್ಮನಿಯಲ್ಲಿ ಇದ್ದು ಬಂದವನೆಂಬುದೇ ಅದಕ್ಕೆ ಕಾರಣ.

“ಬೇಸಿಗೆಯ ಪ್ರವಾಸ ಎಂದು ಅವಳೇ ಬರೆದಿದ್ದಾಳೆ. ಹಾಗಾದರೆ ನಾಲ್ಕು ಪಂಚೆ, ನಾಲ್ಕು ಹತ್ತಿಯ ಅಂಗಿ ಸಾಕಲ್ಲವೇ?” ಎಂದರು ಮಾಸ್ತರರು.

ನಾನು ಸಾಕಾಗದೆಂದೆ. ಜೂನ್ ತಿಂಗಳಲ್ಲಿ ಜೂನೋದ ಹಗಲು 16–17 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ರಾತ್ರಿ 8–10ಕ್ಕೆ ಇಳಿಯುತ್ತದೆ. ನಮ್ಮಲ್ಲಿ ಡಿಸೆಂಬರ್‌ನ ನಸುಕಿನಲ್ಲೂ ಕಾಣದ ತಂಪು ಅಲ್ಲಿ ಬೇಸಿಗೆಯ ರಾತ್ರಿಗೆ ಸಹಜ. ಅದರ ಮೇಲೆ ಹಡಗಿನ ಗಾಳಿ. 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್ ವೇಗದಲ್ಲಿ ಹಡಗು ಸಾಗುತ್ತಿದ್ದರೆ, ಹೊರಗೆ ಎಲೆ ಅಲುಗದಿದ್ದರೂ ಡೆಕ್ಕಿನ ಮೇಲೆ ನಿಂತವನಿಗೆ ಅಷ್ಟೇ ವೇಗದ ಗಾಳಿ ಬಡಿಯುತ್ತದೆ. 10 ಡಿಗ್ರಿಯ ತಂಪು ಆ ಗಾಳಿಯಲ್ಲಿ 6 ಡಿಗ್ರಿಯಂತೆ ಮೈಗೆ ತಾಗುತ್ತದೆ. ಇನ್ನು ಮಳೆ. ಕೆಚಿಕನ್ ಎಂಬ ಊರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ನಮ್ಮ ಕರಾವಳಿಯ ಮಳೆಗೆ ಅದು ಸರಿಸಾಟಿ. ನಮ್ಮದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಅವರದು ವರ್ಷವಿಡೀ ಹನಿಯುತ್ತದೆ.

“ಹಾಗಾದರೆ ಒಂದು ದಪ್ಪ ಕೋಟು ಕೊಂಡರಾಯಿತು” ಎಂದರು ಮಾಸ್ತರರು.

ಹೆಚ್ಚಿನವರು ಮಾಡುವ ತಪ್ಪು ಇದೇ. ಒಂದೇ ಒಂದು ದಪ್ಪ ಕೋಟು ಪೆಟ್ಟಿಗೆಯ ಅರ್ಧವನ್ನು ನುಂಗುತ್ತದೆ. ಡೆಕ್ಕಿನ ಮೇಲೆ ಸಾಲದು, ಊಟದ ಕೋಣೆಯೊಳಗೆ ಹೆಚ್ಚಾಗುತ್ತದೆ. ಶರೀರವನ್ನು ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಗಳ ನಡುವೆ ಸಿಕ್ಕಿಬಿದ್ದ ಗಾಳಿ. ಆದುದರಿಂದ ಮೂರು ಪದರಗಳು ಬೇಕು. ಮೈಗೆ ಅಂಟಿಕೊಳ್ಳುವ ತೆಳುವಾದ ಥರ್ಮಲ್ ಉಡುಪು ಮೊದಲನೆಯದು. ಅದರ ಮೇಲೆ ಉಣ್ಣೆಯ ಸ್ವೆಟರ್ ಅಥವಾ ಫ್ಲೀಸ್ ಎರಡನೆಯದು. ಗಾಳಿಯನ್ನೂ ನೀರನ್ನೂ ತಡೆಯುವ, ತಲೆಗೆ ಟೋಪಿಯಿರುವ ಹಗುರವಾದ ಜಾಕೆಟ್ ಮೂರನೆಯದು. ಸೆಕೆಯೆನಿಸಿದರೆ ಒಂದೊಂದಾಗಿ ಕಳಚಬಹುದು, ಚಳಿಯೆನಿಸಿದರೆ ಒಂದೊಂದಾಗಿ ಏರಿಸಬಹುದು. ಮೈಗೆ ತಾಗುವ ಪದರ ಮಾತ್ರ ಹತ್ತಿಯದಾಗಿರಬಾರದು. ನಮ್ಮ ಸೆಕೆಗೆ ವರದಾನವಾದ ಹತ್ತಿ ಒಮ್ಮೆ ಒದ್ದೆಯಾದರೆ ಬೇಗ ಒಣಗದು. ಮೈಗೆ ಅಂಟಿ ಶಾಖವನ್ನೆಲ್ಲ ಹೀರಿಬಿಡುತ್ತದೆ. ಉಣ್ಣೆಯ ಗುಣ ಬೇರೆ. ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಅದು ಮೈಗೆ ಒದ್ದೆಯೆನಿಸುವುದಿಲ್ಲ, ಬೆಚ್ಚಗೇ ಇರುತ್ತದೆ.

ಮಾಸ್ತರರ ಮುಖ ಅರಳಿತು. “ಇದನ್ನು ಹೇಳಲು ಜರ್ಮನಿಗೆ ಹೋಗಬೇಕಿತ್ತೇ? ಇದು ನಮ್ಮ ಕಂಬಳಿಕೊಪ್ಪೆಯಲ್ಲವೇ!” ಎಂದರು.

ನಿಜ. ಹಿಂದೆ ನಮ್ಮ ಜಿಲ್ಲೆಯಲ್ಲಿ ಗದ್ದೆ ಹೂಡುವವರೂ ದನ ಕಾಯುವವರೂ ಕಂಬಳಿಯನ್ನು ಮಡಚಿ, ತಲೆಗೆ ಕೊಪ್ಪೆ ಮಾಡಿ, ಬೆನ್ನಿನುದ್ದ ಇಳಿಬಿಟ್ಟು ಇಡೀ ದಿನ ಆಷಾಢದ ಮಳೆಯಲ್ಲಿ ನಿಲ್ಲುತ್ತಿದ್ದರು. ಕಂಬಳಿ ತೋಯ್ದು ಭಾರವಾಗುತ್ತಿತ್ತು, ಒಳಗಿನ ಮೈ ಮಾತ್ರ ಬೆಚ್ಚಗಿರುತ್ತಿತ್ತು. ಕೈಗಳೆರಡೂ ಕೆಲಸಕ್ಕೆ ಬಿಡುವಾಗಿರುತ್ತಿದ್ದವು. ಹಡಗಿನ ಗಾಳಿಯಲ್ಲಿ ಛತ್ರಿ ನಿಲ್ಲದು. ಅಲ್ಲಿಯೂ ಕೊಪ್ಪೆಯೇ ಸರಿ. ಪ್ಲಾಸ್ಟಿಕ್ ಬಂದ ಮೇಲೆ ನಾವು ಮರೆತದ್ದನ್ನು ಮಾಸ್ತರರು ಮರೆತಿರಲಿಲ್ಲ. ಶಿಷ್ಯನಿಗೆ ಮತ್ತೊಂದು ಪಾಠವಾಯಿತು.

ಬಳಿಕ ಒಂದು ಹಾಳೆಯಲ್ಲಿ ಪಟ್ಟಿ ಬರೆದೆವು. ತಲಾ ಎರಡು ಜೊತೆ ಥರ್ಮಲ್, ಒಂದೊಂದು ಸ್ವೆಟರ್, ಒಂದೊಂದು ಮಳೆಜಾಕೆಟ್, ಕಿವಿ ಮುಚ್ಚುವ ಉಣ್ಣೆಯ ಟೋಪಿ, ಕೈಗವಸು, ನಾಲ್ಕು ಜೊತೆ ಉಣ್ಣೆಯ ಕಾಲುಚೀಲ, ಒದ್ದೆ ನೆಲದಲ್ಲಿ ಜಾರದ, ಮೊದಲೇ ಮೆಟ್ಟಿ ರೂಢಿಯಾದ ಬೂಟು. ಜೂನ್ ಕೊನೆಯಲ್ಲಿ ಜೂನೋದ ಹಗಲು ಸುಮಾರು 18 ಗಂಟೆಗಳಷ್ಟು ದೀರ್ಘ. ಮಲಗುವಾಗ ಕಣ್ಣಿಗೆ ಕಟ್ಟಿಕೊಳ್ಳಲು ಒಂದು ಕಪ್ಪು ಪಟ್ಟಿ. ನಿತ್ಯದ ಔಷಧಗಳು ಕೈಚೀಲದಲ್ಲಿಯೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಅಲಾಸ್ಕಾ ಅಮೆರಿಕದ್ದೇ ರಾಜ್ಯವಾದರೂ ಹಡಗು ವಿಕ್ಟೋರಿಯಾದಲ್ಲಿ ನಿಲ್ಲುವುದರಿಂದ ನಮ್ಮ ದೇಶದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ವೀಸಾ ಕೂಡ ಬೇಕು. ಮಗಳು ಅದನ್ನು ಆಗಲೇ ಮಾಡಿಸಿದ್ದಳು.

ಇಷ್ಟೆಲ್ಲ ನಡೆಯುವಾಗ ಅಕ್ಕೋರು ಒಂದು ಮಾತನ್ನೂ ಆಡಿರಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದರು. ಕೊನೆಗೆ ಮೆಲ್ಲನೆ ಕೇಳಿದರು: “ಫಾದರ್, ಸೀರೆ ಉಡಬಹುದೋ? ‘ಅಮ್ಮ, ಸೀರೆ ಬೇಡ, ಪ್ಯಾಂಟು ನಾನು ತೆಗೆದಿಟ್ಟಿದ್ದೇನೆ’ ಎಂದಿದ್ದಾಳೆ. ದೊಡ್ಡ ಹಡಗು, ದೊಡ್ಡ ಜನ. ನಮ್ಮಿಂದ ಅವಳಿಗೆ ನಾಚಿಕೆಯಾಗಬಾರದು. ಅದಕ್ಕಿಂತ ನಾನು ಬಾರದೆ ಇದ್ದರೇ ಒಳ್ಳೆಯದೇನೋ.”

ಓದುಗರೇ, ಆ ಮಾತು ನನ್ನನ್ನು ಇಪ್ಪತ್ತು ವರ್ಷಗಳ ಹಿಂದಕ್ಕೆ ಎಳೆದೊಯ್ದಿತು. ಅಂದು ಅಕ್ಕೋರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

2004ರ ಜುಲೈ ತಿಂಗಳಲ್ಲಿ, ರಜೆಯ ಮೇಲಿದ್ದ ಗುರುಗಳೊಬ್ಬರ ಸ್ಥಾನದಲ್ಲಿ ಸೇವೆ ಸಲ್ಲಿಸಲು ನಾನು ಮೊದಲ ಬಾರಿಗೆ ಉತ್ತರ ಜರ್ಮನಿಗೆ ಹೊರಟಿದ್ದೆ. ಹೊರಡುವ ಹಿಂದಿನ ದಿನ ಅಮ್ಮ ಒಂದು ಸ್ವೆಟರ್ ತಂದು ನನ್ನ ಪೆಟ್ಟಿಗೆಯಲ್ಲಿಟ್ಟಳು. ಕಂದು ಬಣ್ಣದ್ದು, ದಪ್ಪ ಉಣ್ಣೆಯದು, ನನ್ನ ಅಳತೆಗಿಂತ ಎರಡು ಬೆರಳು ದೊಡ್ಡದು. ಹುಬ್ಬಳ್ಳಿಯ ರಸ್ತೆಬದಿಯಲ್ಲಿ ಸ್ವೆಟರ್ ಮಾರುವ ಟಿಬೇಟಿಯನ್ನರಿಂದ ಚಳಿಗಾಲದಲ್ಲೇ ಕೊಂಡಿಟ್ಟಿದ್ದಳು. ನಮ್ಮ ಜಿಲ್ಲೆಯ ಮುಂಡಗೋಡಿನಲ್ಲಿ ಟಿಬೇಟಿಯನ್ನರ ನೆಲೆ ಇರುವುದರಿಂದ ಆ ಜನರ ಮೇಲೆ ಅವಳಿಗೆ ವಿಶ್ವಾಸ. ಹಿಮದ ನಾಡಿನವರಿಗೆ ಚಳಿಯೆಂದರೇನೆಂದು ಗೊತ್ತಿರುತ್ತದೆ ಎನ್ನುತ್ತಿದ್ದಳು. ಕೋಳಿ ಮಾರಿದ ಹಣದಲ್ಲಿ ಕೊಂಡದ್ದೆಂದು ನನಗೆ ತಂಗಿಯಿಂದ ತಿಳಿಯಿತು.

ನಾನು ನಕ್ಕೆ. “ಅಮ್ಮ, ಅಲ್ಲಿ ಈಗ ಬೇಸಿಗೆ” ಎಂದೆ. ಅವಳು ಕೇಳಲಿಲ್ಲ. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಸ್ವೆಟರನ್ನು ಹೊರತೆಗೆದು ಕಪಾಟಿನ ಕೆಳಗಿನ ಅರೆಯಲ್ಲಿ, ಹಳೆಯ ಹಾಸಿಗೆವಸ್ತ್ರಗಳ ಅಡಿಯಲ್ಲಿ ತುರುಕಿದೆ. ಪೆಟ್ಟಿಗೆಯ ತೂಕ ಹೆಚ್ಚಾಗುತ್ತದೆಂದು ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ತೂಕವಲ್ಲ. ಆ ಹಳ್ಳಿಗಾಡಿನ ಸ್ವೆಟರ್ ತೊಟ್ಟು ಯುರೋಪಿನವರ ಮುಂದೆ ನಿಲ್ಲಲು ನನಗೆ ನಾಚಿಕೆಯಾಗಿತ್ತು.

ಎರಡನೆಯ ವಾರ ಅಲ್ಲಿನ ಧರ್ಮಕೇಂದ್ರದವರು ನನ್ನನ್ನು ಹೆಲ್ಗೋಲಾಂಡ್ ಎಂಬ ದ್ವೀಪಕ್ಕೆ ಕರೆದೊಯ್ದರು. ಕುಕ್ಸ್‌ಹಾಫನ್ ಬಂದರಿನಿಂದ ಉತ್ತರ ಸಮುದ್ರದಲ್ಲಿ ಎರಡು ಗಂಟೆಗೂ ಮಿಕ್ಕಿದ ಹಡಗಿನ ದಾರಿ. ಬಂದರಿನಲ್ಲಿ ಎಳೆಬಿಸಿಲಿತ್ತು, ನಾನು ಹತ್ತಿಯ ಅರ್ಧತೋಳಿನ ಅಂಗಿ ತೊಟ್ಟಿದ್ದೆ. ದಡ ಮರೆಯಾದೊಡನೆ ಬಿಸಿಲು ಹೋಯಿತು, ಗಾಳಿ ಬಂತು, ಅಲೆಯ ತುಂತುರಿಗೆ ಅಂಗಿ ತೋಯ್ದಿತು. ಸಮುದ್ರ ನೋಡಬೇಕೆಂಬ ಹಟಕ್ಕೆ ಒಳಗೆ ಹೋಗದೆ ನಿಂತೆ. ಸ್ವಲ್ಪ ಹೊತ್ತಿನಲ್ಲಿ ಹಲ್ಲು ಕಟಕಟಿಸತೊಡಗಿತು. ಕೇಳಿದ ಪ್ರಶ್ನೆಗೆ ಉತ್ತರಿಸಲು ನಾಲಿಗೆ ಹೊರಳದಾಯಿತು. ಜೊತೆಗಿದ್ದ ಮುದುಕರೊಬ್ಬರು ಒಂದೂ ಮಾತಾಡದೆ ತಮ್ಮ ಮೈಮೇಲಿನ ಉಣ್ಣೆಯ ಸ್ವೆಟರ್ ಕಳಚಿ ನನಗೆ ತೊಡಿಸಿದರು. ಮೊಣಕೈಯಲ್ಲಿ ತೇಪೆ ಹಾಕಿದ, ಹಳೆಯ ಕಂದು ಸ್ವೆಟರ್. ಅದರಲ್ಲಿ ಯಾರಿಗೂ ಯಾವ ನಾಚಿಕೆಯೂ ಕಾಣಿಸಲಿಲ್ಲ.

ಆ ಭಾನುವಾರ ಮನೆಗೆ ಫೋನ್ ಮಾಡಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ: “ಸ್ವೆಟರ್ ಹಾಕಿಕೊಂಡೆಯಾ?”

“ಹಾಕಿಕೊಂಡೆ ಅಮ್ಮ, ತುಂಬಾ ಬೆಚ್ಚಗಿತ್ತು” ಎಂದೆ.

ಅತ್ತಕಡೆ ಒಂದು ಕ್ಷಣ ಸದ್ದಿಲ್ಲ. “ಒಳ್ಳೇದಾಯಿತು ಮಗಾ” ಎಂದಳು.

ಆಗಸ್ಟ್ ತಿಂಗಳಲ್ಲಿ ಮನೆಗೆ ಬಂದು ಕಪಾಟು ತೆರೆದೆ. ಸ್ವೆಟರ್ ನಾನಿಟ್ಟಲ್ಲಿ ಇರಲಿಲ್ಲ. ಮೇಲಿನ ಅರೆಯಲ್ಲಿ, ಒಗೆದ ಬಿಳಿಯ ಬಟ್ಟೆಯಲ್ಲಿ ಸುತ್ತಿ, ನಡುವೆ ನಾಲ್ಕು ನುಸಿಗುಳಿಗೆ ಹಾಕಿ, ಮಳೆಗಾಲದ ಬೂಷ್ಟು ಹಿಡಿಯದಂತೆ ಜೋಪಾನವಾಗಿ ಇಟ್ಟಿತ್ತು. ನಾನು ಫೋನಿನಲ್ಲಿ ಸುಳ್ಳು ಹೇಳಿದಾಗ ಅದು ಆಗಲೇ ಅವಳ ಕೈಗೆ ಸಿಕ್ಕಿತ್ತೋ, ಆಮೇಲೆ ಸಿಕ್ಕಿತೋ, ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. 2011ರಲ್ಲಿ ಅವಳು ತೀರಿಕೊಳ್ಳುವವರೆಗೂ ನಮ್ಮಿಬ್ಬರ ನಡುವೆ ಆ ಸ್ವೆಟರಿನ ಮಾತು ಬರಲೇ ಇಲ್ಲ. ಎಷ್ಟೋ ಜನರ ತಪ್ಪೊಪ್ಪಿಗೆಗಳನ್ನು ಕೇಳಿದ ನಾನು ಈ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾದವಳ ಮುಂದೆ ಒಪ್ಪಿಕೊಳ್ಳದೆ ಉಳಿದೆ.

ಇದನ್ನು ಕೇಳಿ ಅಕ್ಕೋರು ಬಹಳ ಹೊತ್ತು ಸುಮ್ಮನಿದ್ದರು. ನಾನೆಂದೆ: “ಅಕ್ಕೋರೇ, ನಿಮ್ಮ ಮಗಳ ಮನಸ್ಸಿನಲ್ಲಿ ಏನಿದೆಯೋ ನನಗೆ ತಿಳಿಯದು. ನನ್ನ ಮನಸ್ಸಿನಲ್ಲಿದ್ದಂಥ ನಾಚಿಕೆಯೋ, ಅಥವಾ ಬರಿಯ ಚಳಿಯ ಚಿಂತೆಯೋ, ಅವಳನ್ನೇ ಕೇಳಿರಿ. ನಾವು ಕೇಳದೆ ಹೋದೆವು, ನೀವು ಕೇಳಿರಿ.”

ಮರುದಿನ ಬೆಳಗ್ಗೆ ಅವರು ಅಂಗಳದಿಂದಲೇ ಕೂಗಿ ಕರೆದರು. ಕಣ್ಣು ಒದ್ದೆಯಾಗಿದ್ದರೂ ನಗುತ್ತಿದ್ದರು. ರಾತ್ರಿ ಫೋನ್ ಮಾಡಿದ್ದರಂತೆ. ಮಗಳು ಗಾಬರಿಯಾಗಿ, “ನಾಚಿಕೆಯೇ? ಅಮ್ಮಾ, ಹೋದ ಸಲ ನಿನಗೆ ಉಬ್ಬಸ ಬಂದದ್ದು ನೆನಪಿಲ್ಲವೇ? ಕಾಲಿಗೆ ಚಳಿ ಹತ್ತಬಾರದೆಂದು ಪ್ಯಾಂಟು ಹೇಳಿದೆ. ಹಿಮದ ಮುಂದೆ ನೀನು ಸೀರೆ ಉಟ್ಟು ನಿಂತ ಚಿತ್ರ ನನಗೆ ಬೇಕೇ ಬೇಕು” ಎಂದಳಂತೆ.

ಹಾಗಾಗಿ ಪಟ್ಟಿಗೆ ಮತ್ತಷ್ಟು ಸೇರಿತು. ಲಂಗದ ಒಳಗೆ ತೊಡಲು ಉಣ್ಣೆಯ ಲೆಗ್ಗಿಂಗ್ಸ್, ರವಿಕೆಯ ಒಳಗೆ ಉದ್ದತೋಳಿನ ಥರ್ಮಲ್, ಮೇಲೆ ಮೊಣಕಾಲು ಮುಟ್ಟುವ ಜಾಕೆಟ್. ಗಾಳಿಗೆ ಹಾರದಂತೆ ಸೆರಗಿಗೆ ಪಿನ್ನು. ದಡಕ್ಕಿಳಿದು ನಡೆಯುವ ದಿನಗಳಿಗೆ ಮಗಳು ಕೊಂಡ ಪ್ಯಾಂಟು, ಬೆಚ್ಚಗಿರುವ ಊಟದ ಕೋಣೆಗೆ ಒಂದು ರೇಷ್ಮೆ ಸೀರೆ. ಉಳಿದದ್ದು ಮಾಸ್ತರರ ಸ್ವೆಟರ್. ಏಪ್ರಿಲ್‌ನ ಸೆಕೆಯಲ್ಲಿ ಕುಮಟಾ ಪೇಟೆಯಲ್ಲಿ ಒಳ್ಳೆಯ ಸ್ವೆಟರ್ ಹುಡುಕುವುದು ಸುಲಭವಲ್ಲ. ನಾನು ಒಳಗೆ ಹೋಗಿ, ಮೇಲಿನ ಅರೆಯಿಂದ ಬಿಳಿಯ ಬಟ್ಟೆಯ ಗಂಟನ್ನು ತೆಗೆದುಕೊಂಡು ಬಂದೆ. ನನಗೆ ದೊಡ್ಡದಾಗಿದ್ದುದು ಅವರಿಗೆ ಹೇಳಿ ಮಾಡಿಸಿದಂತಿತ್ತು.

ಜೂನ್ ತಿಂಗಳ ಕೊನೆಯ ವಾರದಲ್ಲಿ ನನ್ನ ಮೊಬೈಲಿಗೆ ಒಂದು ಚಿತ್ರ ಬಂತು. ಗ್ಲೇಸಿಯರ್ ಬೇ. 1794ರಲ್ಲಿ ಜಾರ್ಜ್ ವ್ಯಾಂಕೂವರನ ತಂಡದವರು ಬಂದಾಗ ಆ ಕೊಲ್ಲಿಯ ಬಹುಪಾಲು ಹಿಮದಿಂದ ತುಂಬಿಹೋಗಿತ್ತು. 1916ರ ಹೊತ್ತಿಗೆ ಹಿಮ ಸುಮಾರು 100 ಕಿಲೋಮೀಟರ್ ಹಿಂದೆ ಸರಿದಿತ್ತು. ಆದುದರಿಂದಲೇ ಇಂದು ಅಷ್ಟು ಒಳಗೆ ಹಡಗು ಹೋಗಬಲ್ಲದು. ಚಿತ್ರದಲ್ಲಿ ಹಿಂದೆ ನೀಲಿ ಹಿಮದ ಗೋಡೆ. ಮುಂದೆ ಅಕ್ಕೋರು ಜಾಕೆಟ್ ಬಿಚ್ಚಿ, ಹಸಿರು ಸೀರೆ ಕಾಣುವಂತೆ ನಿಂತಿದ್ದಾರೆ. ಮಗಳು ಅವರ ತೋಳು ಹಿಡಿದಿದ್ದಾಳೆ. ಪಕ್ಕದಲ್ಲಿ ಮಾಸ್ತರರು ಕಂದು ಸ್ವೆಟರ್ ತೊಟ್ಟು, ತರಗತಿಯಲ್ಲಿ ನಿಲ್ಲುವಂತೆ ನೆಟ್ಟಗೆ ನಿಂತಿದ್ದಾರೆ. ಕೆಳಗೆ ಒಂದು ಸಾಲು: “ನಿನ್ನ ಅಮ್ಮನ ಸ್ವೆಟರ್ ತುಂಬಾ ಬೆಚ್ಚಗಿದೆ.”

ನಾನು ಇಪ್ಪತ್ತು ವರ್ಷಗಳ ಹಿಂದೆ ಸುಳ್ಳಾಗಿ ಹೇಳಿದ ಮಾತು ಅದು. ಇನ್ನೊಬ್ಬರ ಬಾಯಲ್ಲಿ ನಿಜವಾಗಿ ಬಂದಿತ್ತು. ಮುಂದಿನ ಸಲ ಊರಿಗೆ ಹೋದಾಗ ಅಮ್ಮನ ಸಮಾಧಿಯ ಬಳಿ ನಿಂತು ಎಲ್ಲವನ್ನೂ ಮೊದಲಿನಿಂದ ಹೇಳಿದೆ.

ಓದುಗರೇ, ನಮ್ಮ ಕರಾವಳಿಯ ಮನೆಮನೆಯಿಂದ ಮಕ್ಕಳು ದೂರದೂರಕ್ಕೆ ಹೊರಡುವ ಕಾಲವಿದು. ಕೆಲವರು ಹಡಗಿನ ಕೆಲಸಕ್ಕೇ ಹೊರಡುತ್ತಾರೆ. ಪೆಟ್ಟಿಗೆ ಕಟ್ಟುವಾಗ ಹೋಗುವ ಊರಿನ ತಂಪೆಷ್ಟು, ಮಳೆಯೆಷ್ಟು, ಗಾಳಿಯೆಷ್ಟು ಎಂದು ಮೊದಲು ತಿಳಿದುಕೊಳ್ಳಿರಿ. ‘ಬೇಸಿಗೆ’ ಎಂಬ ಒಂದು ಪದವನ್ನು ನಂಬಿ ಹೊರಡಬೇಡಿರಿ. ಮತ್ತು ಎಲ್ಲ ಕಟ್ಟಿ ಮುಗಿದ ಮೇಲೆ ಮನೆಯ ಹಿರಿಯರೊಬ್ಬರು ಬಂದು ಮೂಲೆಯಲ್ಲಿ ಏನನ್ನಾದರೂ ತುರುಕಿದರೆ, ದಯವಿಟ್ಟು ರಾತ್ರಿ ಎದ್ದು ಅದನ್ನು ಹೊರತೆಗೆಯಬೇಡಿರಿ.